ನಿಮ್ಮ ಎಂಎಲ್‌ಎ ಹೌದು ಅಂದ್ರಾ, ಇಲ್ಲ ಅಂದ್ರಾ?

ಹೊಸ ತಂಬಾಕು ಕಾನೂನಿನ ಸುದ್ದಿ ಪ್ರಸಾರವಾದ ಮರುದಿನ ಹುಣಸೂರು ಕಡೆಯಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. ಹೊಗೆಸೊಪ್ಪು ಬೆಳೆಯುವ ರೈತರು. "ಸಾರ್, ಕಾನೂನು ಸರಿನೋ ತಪ್ಪೋ ಆಮೇಲೆ ಮಾತಾಡುವ. ನಮ್ ಎಮ್ಮೆಲ್ಲೆ ಇದಕ್ಕೆ ಯಾವ ಕಡೆ ವೋಟ್ ಹಾಕಿದ್ರು? ಅದೊಂದು ಹೇಳಿ ಸಾಕು" ಅಂದರು.

ಎಷ್ಟು ಸರಳವಾದ ಪ್ರಶ್ನೆ ನೋಡಿ. ಓಟು ಹಾಕಿ ಕಳಿಸಿದವರು, ನೀವು ಅಲ್ಲಿ ಹೋಗಿ ಯಾವ ಕಡೆ ಓಟು ಹಾಕಿದ್ರಿ ಅಂತ ಕೇಳುತ್ತಿದ್ದಾರೆ. ಇದಕ್ಕಿಂತ ನ್ಯಾಯವಾದ ಪ್ರಶ್ನೆ ಪ್ರಜಾಪ್ರಭುತ್ವದಲ್ಲಿ ಇನ್ನೊಂದಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಕೊಡುವ ಕಾಗದ ವಿಧಾನಸೌಧದ ಯಾವ ಕಪಾಟಿನಲ್ಲೂ ಇಲ್ಲ. ಕಳೆದುಹೋಗಿದೆ ಅಂತಲ್ಲ, ಯಾರೋ ಬಚ್ಚಿಟ್ಟಿದ್ದಾರೆ ಅಂತಲೂ ಅಲ್ಲ. ಅಂಥ ಕಾಗದ ತಯಾರೇ ಆಗಿಲ್ಲ.

ಯಾಕೆ ಅಂತ ಹೇಳ್ತೀನಿ. ಅದಕ್ಕೆ ಮೊದಲು ಕಾನೂನು ಏನು ಅಂತ ನೋಡಿಬಿಡೋಣ.

ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ ನಮಗೆ ಹೊಸದಲ್ಲ. ಇದನ್ನು ಮೊದಲು ದೇಶಕ್ಕೆಲ್ಲ ತಂದದ್ದು ಶಾಸನಸಭೆಯಲ್ಲ, ಸುಪ್ರೀಂ ಕೋರ್ಟ್. ಮುಂಬಯಿಯ ಕಾಂಗ್ರೆಸ್ ನಾಯಕ ಮುರಳಿ ದೇವ್ರಾ ಹಾಕಿದ್ದ ಅರ್ಜಿಯ ಮೇಲೆ 2001ರ ನವೆಂಬರ್‌ನಲ್ಲಿ ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ, ಬಸ್ಸು, ರೈಲು ಇಲ್ಲೆಲ್ಲ ಸೇದುವ ಹಾಗಿಲ್ಲ ಅಂತ ಆದೇಶ ಮಾಡಿತು. ಒಬ್ಬ ರಾಜಕಾರಣಿ ತನ್ನಂಥ ರಾಜಕಾರಣಿಗಳು ಮಾಡಬೇಕಾದ ಕೆಲಸಕ್ಕೆ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಆಮೇಲೆ 2003ರಲ್ಲಿ ಸಂಸತ್ತು ಕೋಟ್ಪಾ ಕಾಯ್ದೆ ತಂದಿತು. 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಬಿಗಿಯಾದ ನಿಯಮಗಳು ಜಾರಿಗೆ ಬಂದವು. ದಂಡ 200 ರೂಪಾಯಿ ತನಕ.

ಆ 200 ರೂಪಾಯಿ ಹಾಗೇ ಉಳಿಯಿತು. ಹದಿನಾರು ವರ್ಷದಲ್ಲಿ ಕಾಫಿ ರೇಟು ಎಲ್ಲಿಂದ ಎಲ್ಲಿಗೆ ಹೋಯಿತು, ದಂಡ ಮಾತ್ರ ಅಲ್ಲೇ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರು. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು.

ಈ ಹಿನ್ನೆಲೆಯಲ್ಲಿ 2024ರ ಫೆಬ್ರವರಿ ಮೊದಲ ವಾರ ರಾಜ್ಯ ಸರ್ಕಾರ ಹುಕ್ಕಾ ಮಾರಾಟ ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇದನ್ನು ಪ್ರಕಟಿಸಿದರು. ಅದರ ಬೆನ್ನಿಗೇ ಕೇಂದ್ರದ ಕೋಟ್ಪಾ ಕಾಯ್ದೆಗೆ ಕರ್ನಾಟಕದ ಮಟ್ಟಿಗೆ ತಿದ್ದುಪಡಿ ವಿಧೇಯಕ ಬಂತು. ಫೆಬ್ರವರಿ 21, ಬುಧವಾರ, ವಿಧಾನಸಭೆ ಅದನ್ನು ಅಂಗೀಕರಿಸಿತು. ಅದರಲ್ಲಿ ಏನಿದೆ? ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ, ಜಗಿದು ಉಗುಳಿದರೆ 1000 ರೂಪಾಯಿ ತನಕ ದಂಡ. ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವ ಹಾಗಿಲ್ಲ. ಬಿಡಿ ಸಿಗರೇಟು ಮಾರುವ ಹಾಗಿಲ್ಲ, ಪ್ಯಾಕೆಟ್ಟೇ ಕೊಡಬೇಕು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಒಂದು ಲಕ್ಷದವರೆಗೆ ದಂಡ.

ಕೇಂದ್ರದ ಕಾಯ್ದೆಗೆ ರಾಜ್ಯ ಕೈಹಾಕಿದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕಿತ್ತು. ಅದು ಬಂದದ್ದು 2025ರ ಮೇ 23ರಂದು. ಮೇ 30ಕ್ಕೆ ಅಧಿಸೂಚನೆ. ಹುಣಸೂರಿನ ಆ ರೈತರು ನೋಡಿದ್ದು ಈ ಸುದ್ದಿಯನ್ನೇ.

ಈಗ ಓಟಿನ ವಿಷಯಕ್ಕೆ ಬರೋಣ.

ನಮ್ಮ ಸದನದಲ್ಲಿ ವಿಧೇಯಕ ಹೇಗೆ ಪಾಸಾಗುತ್ತದೆ ಅಂತ ನೀವು ಟಿವಿಯಲ್ಲಿ ನೋಡಿರ್ತೀರಿ. ಸಚಿವರು ಮಂಡಿಸುತ್ತಾರೆ, ಒಂದಿಷ್ಟು ಜನ ಮಾತಾಡುತ್ತಾರೆ. ಕೊನೆಗೆ ಸ್ಪೀಕರ್ ಪ್ರಸ್ತಾವವನ್ನು ಮತಕ್ಕೆ ಹಾಕುತ್ತಾರೆ. ಪರವಾಗಿರುವವರು ಹೌದು ಅನ್ನಿ ಅಂತಾರೆ, ಆಡಳಿತ ಪಕ್ಷದ ಕಡೆಯಿಂದ ಹೌದು ಅಂತ ಒಂದು ಸದ್ದು ಬರುತ್ತದೆ. ವಿರುದ್ಧ ಇರುವವರು ಇಲ್ಲ ಅನ್ನಿ ಅಂತಾರೆ, ಆ ಕಡೆಯಿಂದ ಒಂದು ಸದ್ದು ಬರುತ್ತದೆ, ಕೆಲವು ಸಲ ಬರೋದೇ ಇಲ್ಲ. ಸ್ಪೀಕರ್ ಕಿವಿಗೆ ಯಾವುದು ಜೋರಾಗಿ ಕೇಳಿತೋ ಅದು ಗೆದ್ದಿತು. ಧ್ವನಿಮತ ಅಂದರೆ ಇಷ್ಟೇ. ಕೆಲವು ಸೆಕೆಂಡುಗಳ ಕೆಲಸ. ನಮ್ಮ ಬಹುಪಾಲು ಕಾನೂನುಗಳು ಹುಟ್ಟುವುದು ಹೀಗೆ, ತಂಬಾಕು ವಿಧೇಯಕವೂ ಹೀಗೇ ಹುಟ್ಟಿದ್ದು.

ಆ ಸದ್ದಿನಲ್ಲಿ ಹುಣಸೂರಿನ ದನಿ ಯಾವುದು, ನಿಪ್ಪಾಣಿಯ ದನಿ ಯಾವುದು, ಬಂಟ್ವಾಳದ ದನಿ ಯಾವುದು? ನಿಮ್ಮ ಶಾಸಕರು ಬಾಯಿ ಬಿಟ್ಟರಾ, ಸುಮ್ಮನೆ ಕೂತಿದ್ದರಾ, ಅಥವಾ ಆ ಹೊತ್ತಿಗೆ ಕ್ಯಾಂಟೀನಿನಲ್ಲಿ ಇದ್ದರಾ? ನಡವಳಿಯಲ್ಲಿ ಬರೆಯೋದು ಒಂದೇ ಸಾಲು: ವಿಧೇಯಕವನ್ನು ಅಂಗೀಕರಿಸಲಾಯಿತು. ಯಾರು ಅಂಗೀಕರಿಸಿದರು ಅಂತ ಆ ಸಾಲು ಹೇಳುವುದಿಲ್ಲ. ಕರ್ತೃವೇ ಇಲ್ಲದ ವಾಕ್ಯ.

ಇನ್ನೊಂದು ಲೆಕ್ಕ ಹೇಳ್ತೀನಿ ಕೇಳಿ. ಸಂವಿಧಾನದ 189ನೇ ವಿಧಿ ಪ್ರಕಾರ ಸದನ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಹಾಜರಿದ್ದರೆ ಸಾಕು. ನಮ್ಮಲ್ಲಿ 224 ಶಾಸಕರು. ಅಂದರೆ 23 ಜನ. ಆ 23ರಲ್ಲಿ 12 ಜನ ಹೌದು ಅಂದರೆ ಆರೂಮುಕ್ಕಾಲು ಕೋಟಿ ಜನರಿಗೆ ಅನ್ವಯವಾಗುವ ಕಾನೂನು ಆಗಿಬಿಡಬಹುದು. ತಂಬಾಕು ವಿಧೇಯಕ ಹಾಗೆ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೂ ಗೊತ್ತಾಗುವುದಿಲ್ಲ ಅಂತ ಹೇಳುತ್ತಿದ್ದೇನೆ.

"ಸಾರ್, ಶಾಸಕರ ಓಟು ಲೆಕ್ಕ ಇಡೋದು ಕಷ್ಟ ಇರಬೇಕು, ಅದಕ್ಕೇ ಬಿಟ್ಟಿದ್ದಾರೆ" ಅಂತ ನೀವು ಅಂದುಕೊಂಡರೆ, ಕ್ಯಾಲೆಂಡರಿನಲ್ಲಿ ಆರು ದಿನ ಮುಂದೆ ಬನ್ನಿ.

ಫೆಬ್ರವರಿ 21ಕ್ಕೆ ತಂಬಾಕು ವಿಧೇಯಕ. ಫೆಬ್ರವರಿ 27ಕ್ಕೆ ಅದೇ ವಿಧಾನಸೌಧದಲ್ಲಿ, ಅದೇ ಶಾಸಕರು, ರಾಜ್ಯಸಭಾ ಚುನಾವಣೆಗೆ ಓಟು ಹಾಕಿದರು. ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡ ಮತದಾನ ಮಾಡಿದರು, ಶಿವರಾಮ್ ಹೆಬ್ಬಾರ್ ಬರಲೇ ಇಲ್ಲ. ನಮಗೆ ಹೇಗೆ ಗೊತ್ತಾಯಿತು? ಅದೇ ದಿನ, ಲೈವ್ ಆಗಿ, ಇಡೀ ರಾಜ್ಯಕ್ಕೆ ಗೊತ್ತಾಯಿತು. ಯಾಕಂದರೆ 2003ರಲ್ಲಿ ಕಾನೂನು ತಿದ್ದಿ ರಾಜ್ಯಸಭಾ ಚುನಾವಣೆಯನ್ನು ಮುಕ್ತ ಮತದಾನ ಮಾಡಿದ್ದಾರೆ. ಪಕ್ಷದ ಶಾಸಕರು ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಲೇಬೇಕು. ತೋರಿಸದಿದ್ದರೆ ಆ ಓಟು ಕುಲಗೆಟ್ಟಿತು. ಕುಲದೀಪ್ ನಯ್ಯರ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು ಈ ಪದ್ಧತಿ ಸರಿ ಅಂತಲೇ ಹೇಳಿತು.

ಇನ್ನೊಂದು ತಾಳೆ ನೋಡಿ. ತಂಬಾಕು ಕಾಯ್ದೆಯ ಅಧಿಸೂಚನೆ ಮೇ 30. ಅದಕ್ಕೆ ಮೂರು ದಿನ ಮೊದಲು, ಮೇ 27ರಂದು, ಬಿಜೆಪಿ ಸೋಮಶೇಖರ್ ಮತ್ತು ಹೆಬ್ಬಾರ್ ಇಬ್ಬರನ್ನೂ ಆರು ವರ್ಷ ಉಚ್ಚಾಟಿಸಿತು.

ಅಂದರೆ ವಿಷಯ ಏನು? ಶಾಸಕರು ಯಾರಿಗೆ ಓಟು ಹಾಕಿದರು ಅಂತ ಪಕ್ಷಕ್ಕೆ ಗೊತ್ತಾಗಬೇಕು. ಅದಕ್ಕೆ ಕಾನೂನಿದೆ, ಏಜೆಂಟ್ ಇದ್ದಾರೆ, ಶಿಕ್ಷೆಯೂ ಇದೆ. ಅದೇ ಶಾಸಕರು ನಿಮ್ಮ ಊರಿನ ಗೂಡಂಗಡಿ, ನಿಮ್ಮ ಹೊಲ, ನಿಮ್ಮ ಮಗನ ಶ್ವಾಸಕೋಶಕ್ಕೆ ಸಂಬಂಧಪಟ್ಟ ಕಾನೂನಿಗೆ ಏನಂದರು ಅಂತ ನಿಮಗೆ ಗೊತ್ತಾಗಬೇಕಾಗಿಲ್ಲ. ಅದಕ್ಕೆ ಕಾನೂನಿಲ್ಲ, ಏಜೆಂಟ್ ಇಲ್ಲ, ಏನೂ ಇಲ್ಲ.

ಸದನದ ಒಳಗೂ ಬೇಕಾದಾಗ ಎಣಿಸುತ್ತಾರೆ. 2019ರ ಜುಲೈ 23 ನೆನಪಿದೆಯಾ? ಕುಮಾರಸ್ವಾಮಿಯವರ ವಿಶ್ವಾಸಮತ. ಸ್ಪೀಕರ್ ರಮೇಶ್ ಕುಮಾರ್ ಸಾಲು ಸಾಲಾಗಿ ಶಾಸಕರನ್ನು ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದರು. ಪರವಾಗಿ 99, ವಿರುದ್ಧ 105. ಸರ್ಕಾರ ಬಿತ್ತು. ಕುರ್ಚಿಯ ಪ್ರಶ್ನೆ ಬಂದಾಗ ಒಂದೊಂದು ತಲೆಗೂ ಲೆಕ್ಕ. ದೆಹಲಿಯಲ್ಲಿ ಸಂವಿಧಾನ ತಿದ್ದುಪಡಿ ಬಂದರೆ ಮೂರನೇ ಎರಡರಷ್ಟು ಬಹುಮತ ಬೇಕು, ಹಾಗಾಗಿ ಎಣಿಸಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆ ಮಹಿಳಾ ಮೀಸಲಾತಿಗೆ ಓಟು ಹಾಕಿದಾಗ ಪರವಾಗಿ 454, ವಿರುದ್ಧ ಎರಡು. ಆ ಇಬ್ಬರು ಅಸಾದುದ್ದೀನ್ ಒವೈಸಿ ಮತ್ತು ಇಮ್ತಿಯಾಜ್ ಜಲೀಲ್. ಬೇಡ ಅಂದರು, ಯಾಕೆ ಬೇಡ ಅಂತಲೂ ಹೇಳಿದರು. ಒಪ್ಪುವುದು ಬಿಡುವುದು ನಮಗೆ ಬಿಟ್ಟದ್ದು, ಆದರೆ ಅವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಿದೆಯಲ್ಲ.

ತಂಬಾಕಿನ ವಿಷಯದಲ್ಲಿ ಇದು ಯಾಕೆ ಅಷ್ಟು ಮುಖ್ಯ ಅಂದರೆ, ಕರ್ನಾಟಕ ಹೊಗೆ ಬಿಡುವ ರಾಜ್ಯ ಮಾತ್ರ ಅಲ್ಲ, ಹೊಗೆಸೊಪ್ಪು ಬೆಳೆಯುವ ರಾಜ್ಯವೂ ಹೌದು. ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು ಬೆಳೆಯುವುದರಲ್ಲಿ ಆಂಧ್ರ ಮತ್ತು ನಾವೇ ಮುಂದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಕಡೆ ಹೋದರೆ ಹೊಲದ ಪಕ್ಕದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್‌ಗಳು ಕಾಣುತ್ತವೆ. ತಂಬಾಕು ಮಂಡಳಿ ಲೈಸೆನ್ಸ್ ಕೊಡುತ್ತದೆ, ಮಂಡಳಿಯ ಹರಾಜು ಮಾರುಕಟ್ಟೆಯಲ್ಲೇ ಸೊಪ್ಪು ಮಾರಬೇಕು. ಆ ಕಡೆ ನಿಪ್ಪಾಣಿಯಲ್ಲಿ ಬೀಡಿ ತಂಬಾಕು. 1981ರಲ್ಲಿ ಶರದ್ ಜೋಶಿ ನೇತೃತ್ವದಲ್ಲಿ ಅಲ್ಲಿ ರೈತರು ಬೆಲೆಗಾಗಿ ಹೆದ್ದಾರಿಯಲ್ಲೇ ಕೂತರು, ಗೋಲಿಬಾರ್ ಆಯಿತು, ಜೀವಗಳು ಹೋದವು. ಕರಾವಳಿಗೆ ಬನ್ನಿ, ಮನೆಮನೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಸಿಗುತ್ತಾರೆ.

ಹೊಸ ಕಾನೂನು ಬೆಳೆಯುವುದನ್ನು ನಿಷೇಧಿಸಿಲ್ಲ, ಬೀಡಿ ಕಟ್ಟುವುದನ್ನೂ ನಿಷೇಧಿಸಿಲ್ಲ. ಅದು ಸ್ಪಷ್ಟ ಇರಲಿ. ಆದರೆ ಕೊಳ್ಳುವವರು ಕಡಿಮೆಯಾಗಲಿ ಅಂತಲೇ ತಂದ ಕಾನೂನು ಅದು. ಇವತ್ತಲ್ಲ ನಾಳೆ ಹರಾಜು ಕಟ್ಟೆಗೆ ಅದರ ಬಿಸಿ ತಟ್ಟುತ್ತದೆ ಅಂತ ರೈತರು ಹೆದರಿದರೆ ಅದು ಸುಳ್ಳು ಹೆದರಿಕೆ ಏನಲ್ಲ.

ಹಾಗಾಗಿ ಮೈಸೂರು ಸೀಮೆಯ ಶಾಸಕರಿಗೆ ಇದು ನಿಜವಾದ ಧರ್ಮಸಂಕಟ. ಎರಡು ಪಕ್ಕದ ಕ್ಷೇತ್ರ ತೆಗೆದುಕೊಳ್ಳಿ. ಪಿರಿಯಾಪಟ್ಟಣದ ಕೆ. ವೆಂಕಟೇಶ್ ಕಾಂಗ್ರೆಸ್ಸಿನವರು, ಸಚಿವರು. ಸಂಪುಟ ಒಪ್ಪಿದ ವಿಧೇಯಕಕ್ಕೆ ಸಚಿವರು ಇಲ್ಲ ಅನ್ನುವ ಹಾಗಿಲ್ಲ, ಅನ್ನಬೇಕಾದರೆ ರಾಜೀನಾಮೆ ಕೊಟ್ಟು ಅನ್ನಬೇಕು. ಹುಣಸೂರಿನ ಜಿ.ಡಿ. ಹರೀಶ್ ಗೌಡ ಜೆಡಿಎಸ್‌ನವರು, ವಿರೋಧ ಪಕ್ಷದ ಸಾಲಿನಲ್ಲಿ ಕೂತವರು. ಒಂದೇ ಮಣ್ಣು, ಒಂದೇ ಬೆಳೆ, ಸದನದಲ್ಲಿ ಎದುರುಬದುರು. ಇಬ್ಬರನ್ನೂ ನಾನು ದೂರುತ್ತಿಲ್ಲ. ರೈತರ ಪರ ಇಲ್ಲ ಅಂದಿದ್ದರೂ ಅದಕ್ಕೊಂದು ಕಾರಣ ಇರುತ್ತಿತ್ತು, ಮಕ್ಕಳ ಆರೋಗ್ಯಕ್ಕೆ ಹೌದು ಅಂದಿದ್ದರೂ ಅದಕ್ಕೊಂದು ಕಾರಣ ಇರುತ್ತಿತ್ತು. ಧ್ವನಿಮತ ಇಬ್ಬರನ್ನೂ ಆ ಕಾರಣ ಹೇಳುವ ಕಷ್ಟದಿಂದ ಪಾರುಮಾಡಿತು. ಕಟ್ಟೆಯ ಮೇಲೆ ಕೂತ ರೈತರಿಗೆ ಒಂದು ಮಾತು, ಕ್ಯಾನ್ಸರ್ ಆಸ್ಪತ್ರೆಯ ಸಮಾರಂಭದಲ್ಲಿ ಇನ್ನೊಂದು ಮಾತು ಹೇಳಲು ಯಾವ ಶಾಸಕರಿಗೂ ಅಡ್ಡಿಯಿಲ್ಲ. ತಾಳೆ ನೋಡಲು ದಾಖಲೆ ಎಲ್ಲಿದೆ?

ಹುಕ್ಕಾ ನಿಷೇಧವನ್ನು ಪ್ರಶ್ನಿಸಿ ಬಾರ್ ಮಾಲೀಕರು ಹೈಕೋರ್ಟಿಗೆ ಹೋದರಲ್ಲ, 2024ರ ಏಪ್ರಿಲ್‌ನಲ್ಲಿ ಅಲ್ಲಿ ತೀರ್ಪು ಬಂತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ನಿಷೇಧವನ್ನು ಎತ್ತಿಹಿಡಿದರು. ತೀರ್ಪಿನ ಕೆಳಗೆ ಅವರ ಹೆಸರಿದೆ, ಮೇಲೆ ಪುಟಗಟ್ಟಲೆ ಕಾರಣಗಳಿವೆ. ನಾವು ಆರಿಸದ ನ್ಯಾಯಾಧೀಶರು ಕಾರಣ ಬರೆದು ಸಹಿ ಹಾಕುತ್ತಾರೆ. ನಾವೇ ಆರಿಸಿದವರು ಒಂದು ಸದ್ದು ಮಾಡಿ ಮನೆಗೆ ಹೋಗುತ್ತಾರೆ.

ಬೇರೆ ಕಡೆ ಹೇಗಿದೆ? ಅಮೆರಿಕದ ಇಲಿನಾಯ್ಸ್ ರಾಜ್ಯ ನೋಡಿ. ಆ ರಾಜ್ಯದ ಸಂವಿಧಾನದಲ್ಲೇ ಬರೆದಿದೆ, ವಿಧೇಯಕದ ಕೊನೆಯ ಮತದಾನ ದಾಖಲಾದ ಮತದಾನವೇ ಆಗಬೇಕು ಅಂತ. ಅಲ್ಲಿ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧ ಕಾಯ್ದೆ 2007ರಲ್ಲಿ ಪಾಸಾಗಿ 2008ರ ಜನವರಿ 1ರಿಂದ ಜಾರಿಗೆ ಬಂತು. ಬಾರು, ಹೋಟೆಲು ಎಲ್ಲ ಸೇರಿ. ಯಾವ ಶಾಸಕ ಹೌದು, ಯಾರು ಇಲ್ಲ ಅಂತ ಇವತ್ತಿಗೂ ತೆಗೆದು ನೋಡಬಹುದು. ಆ ದಾಖಲೆ ಎಷ್ಟು ಗಟ್ಟಿ ಅಂದರೆ, ಅದೇ ಇಲಿನಾಯ್ಸ್‌ನಲ್ಲಿ ಶಾಸಕರಾಗಿದ್ದ ಬರಾಕ್ ಒಬಾಮ ಅಧ್ಯಕ್ಷ ಚುನಾವಣೆಗೆ ನಿಂತಾಗ ಹಳೇ ಓಟುಗಳೆಲ್ಲ ಮೇಲೆ ಬಂದವು. ಸುಮಾರು ನಾಲ್ಕು ಸಾವಿರ ಓಟುಗಳಲ್ಲಿ 130ರಷ್ಟು ಸಲ ಅವರು ಹೌದೂ ಅನ್ನದೆ ಇಲ್ಲವೂ ಅನ್ನದೆ 'ಹಾಜರ್' ಅಂತ ಮಾತ್ರ ಹಾಕಿದ್ದರು. ಹಿಲರಿ ಕ್ಲಿಂಟನ್ ಬಿಡಲಿಲ್ಲ, ಗಟ್ಟಿ ನಿಲುವು ಇಲ್ಲದವರು ಅಂತ ಚುಚ್ಚಿದರು. ನಮ್ಮಲ್ಲಿ ಹತ್ತು ವರ್ಷ ಶಾಸಕರಾದವರು ಎಷ್ಟು ಸಲ ಸುಮ್ಮನೆ ಕೂತರು ಅಂತ ಎದುರಾಳಿ ಕೇಳಬೇಕಂದರೂ ಕೇಳಲು ಅಂಕಿಯೇ ಇಲ್ಲ. (ಒಬಾಮ ಸ್ವತಃ ಸಿಗರೇಟು ಬಿಡಲು ಒದ್ದಾಡಿದವರು, ಅದು ಬೇರೆ ಕಥೆ.)

ಅಮೆರಿಕದ ಪದ್ಧತಿಯೇ ಬೇರೆ, ನಮ್ಮದು ಬ್ರಿಟಿಷರ ಮಾದರಿ ಅಂತ ಕೆಲವರು ಹೇಳ್ತಾರೆ. ಸರಿ, ಬ್ರಿಟನ್ನಿಗೇ ಹೋಗೋಣ. 2006ರ ಫೆಬ್ರವರಿಯಲ್ಲಿ ಅಲ್ಲಿನ ಸಂಸದರು ಇಂಗ್ಲೆಂಡಿನ ಪಬ್ಬು, ಕ್ಲಬ್ಬುಗಳಲ್ಲೆಲ್ಲ ಧೂಮಪಾನ ನಿಷೇಧಕ್ಕೆ ಓಟು ಹಾಕಿದರು. ವಿಪ್ ಇಲ್ಲದ ಮುಕ್ತ ಮತದಾನ. 384 ಪರ, 184 ವಿರುದ್ಧ. ಹೆಸರೆಲ್ಲ ಅಚ್ಚಾಗಿವೆ. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ರಿಷಿ ಸುನಕ್ ಇನ್ನೂ ಮುಂದೆ ಹೋಗಿ, 2009ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಜೀವಮಾನದಲ್ಲಿ ಯಾವತ್ತೂ ಸಿಗರೇಟು ಮಾರಬಾರದು ಅನ್ನುವ ವಿಧೇಯಕ ತಂದರು. 383 ಪರ, 67 ವಿರುದ್ಧ. ವಿರುದ್ಧ ಹಾಕಿದವರಲ್ಲಿ ಸುನಕ್ ಸಂಪುಟದ ಸಚಿವೆ ಕೆಮಿ ಬೇಡನಾಕ್ ಕೂಡ ಒಬ್ಬರು. ಅವರ ಸಚಿವ ಸ್ಥಾನ ಹೋಗಲಿಲ್ಲ. ಆ ವರ್ಷದ ಕೊನೆಗೆ ಅದೇ ಪಕ್ಷದ ನಾಯಕಿಯೂ ಆದರು.

ನಮ್ಮಲ್ಲಿ ಇದು ಸಾಧ್ಯವಾ? ಇಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬರುತ್ತದೆ. 1985ರಲ್ಲಿ ತಂದದ್ದು, ಆಯಾರಾಮ್ ಗಯಾರಾಮ್‌ಗಳನ್ನು ಹಿಡಿಯೋದಕ್ಕೆ. ಪಕ್ಷ ವಿಪ್ ಕೊಟ್ಟ ಮೇಲೆ ಅದರ ವಿರುದ್ಧ ಓಟು ಹಾಕಿದರೆ ಶಾಸಕ ಸ್ಥಾನಕ್ಕೇ ಕುತ್ತು. 1992ರಲ್ಲಿ ಸುಪ್ರೀಂ ಕೋರ್ಟು, ಇಷ್ಟು ಕಟ್ಟುನಿಟ್ಟು ಸರ್ಕಾರದ ಅಳಿವು ಉಳಿವು ಅಥವಾ ಪಕ್ಷದ ಮುಖ್ಯ ನೀತಿಯ ಪ್ರಶ್ನೆ ಬಂದಾಗ ಇರಲಿ ಅನ್ನುವ ಅರ್ಥದಲ್ಲಿ ಹೇಳಿತ್ತು. ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಇದಕ್ಕಾಗಿ ಒಂದಕ್ಕಿಂತ ಹೆಚ್ಚು ಸಲ ಖಾಸಗಿ ವಿಧೇಯಕ ತಂದಿದ್ದಾರೆ, ಅದು ಕಾನೂನಾಗಿಲ್ಲ. ಯಾವ ಪಕ್ಷದ ಹೈಕಮಾಂಡಿಗೂ ಇದರಲ್ಲಿ ಆಸಕ್ತಿ ಇಲ್ಲ, ಇರೋದೂ ಇಲ್ಲ ಬಿಡಿ.

ವಿಪ್ ಹೇಗೂ ಇದೆ, ಪಕ್ಷ ಹೇಳಿದ ಹಾಗೇ ಕೈ ಎತ್ತಬೇಕು, ಹೆಸರು ಬರೆದುಕೊಂಡು ಏನು ಪ್ರಯೋಜನ ಅಂತ ಒಬ್ಬ ಹಿರಿಯ ರಾಜಕಾರಣಿ ನನ್ನನ್ನೇ ಕೇಳಿದ್ದರು. ನಾನು ಒಪ್ಪಲಿಲ್ಲ. ಪ್ರಯೋಜನ ಇದೆ. ಪಕ್ಷ ಹೇಳಿತು ಅಂತ ಹೌದು ಅಂದೆ ಅಂತಾದರೂ ಶಾಸಕರು ಊರಿಗೆ ಬಂದು ಹೇಳಬೇಕಾಗುತ್ತದೆ. ಗೈರುಹಾಜರಾಗಿದ್ದರೆ ಎಲ್ಲಿದ್ದಿರಿ ಅಂತ ಜನ ಕೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಹೆಸರು ದಾಖಲಾಗುತ್ತದೆ ಅಂತ ಗೊತ್ತಾದ ದಿನ ಕೈ ಎತ್ತುವವರು ವಿಧೇಯಕವನ್ನು ಒಂದು ಸಲ ಓದುತ್ತಾರೆ.

ಕಷ್ಟದ ಕೆಲಸವೂ ಅಲ್ಲ. ಲೋಕಸಭೆಯಲ್ಲಿ ಗುಂಡಿ ಒತ್ತಿ ಓಟು ಹಾಕುವ ಯಂತ್ರ ಬಂದದ್ದು 1957ರಲ್ಲಿ. ಆದರೆ ಯಂತ್ರ ಇದ್ದರಷ್ಟೇ ಸಾಲದು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಕಾಯ್ದೆಗಳಿಗೆ ವಿರೋಧ ಪಕ್ಷದವರು ಎಣಿಕೆ ಕೇಳಿದರೂ ಗದ್ದಲದ ನಡುವೆ ಧ್ವನಿಮತದಲ್ಲೇ ಪಾಸಾಯಿತು. ಲೋಕಸಭೆಯ ನಿಯಮದಲ್ಲಿ ಇನ್ನೊಂದು ಕಿಂಡಿ ಇದೆ: ಎಣಿಕೆಯನ್ನು ವಿನಾಕಾರಣ ಕೇಳುತ್ತಿದ್ದಾರೆ ಅಂತ ಸ್ಪೀಕರ್‌ಗೆ ಅನ್ನಿಸಿದರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು, ಆಗ ಹೆಸರು ಬರೆದುಕೊಳ್ಳುವುದಿಲ್ಲ. ರಾಜ್ಯಗಳ ಸದನಗಳ ನಿಯಮಗಳೂ ಬಹುತೇಕ ಇದೇ ಅಚ್ಚಿನಲ್ಲಿ ಎರಕ ಹೊಯ್ದವು. ಸಂವಿಧಾನದ 208ನೇ ವಿಧಿ ಪ್ರಕಾರ ಈ ನಿಯಮಗಳನ್ನು ಮಾಡಿಕೊಳ್ಳುವವರು ಸದನದವರೇ. ತಿದ್ದಲು ದೆಹಲಿಗೆ ಹೋಗಬೇಕಾಗಿಲ್ಲ, ರಾಷ್ಟ್ರಪತಿಗಳ ಅಂಕಿತಕ್ಕೆ ಹದಿನೈದು ತಿಂಗಳು ಕಾಯಬೇಕಾಗಿಲ್ಲ.

ಹಾಗಾದರೆ ಹುಣಸೂರಿನ ರೈತರಿಗೆ ನಾನು ಏನು ಹೇಳಿದೆ? ಎರಡು ದಾರಿ ಹೇಳಿದೆ. ಒಂದು, ಸದನದ ನಡವಳಿ ಸಾರ್ವಜನಿಕ ದಾಖಲೆ. ವಿಧಾನಮಂಡಲದ ಜಾಲತಾಣದಲ್ಲಿ ಹುಡುಕಬಹುದು. 2024ರ ಫೆಬ್ರವರಿ 21ರ ಚರ್ಚೆಯಲ್ಲಿ ನಿಮ್ಮ ಶಾಸಕರು ಎದ್ದು ಮಾತಾಡಿದ್ದರೆ ಆ ಮಾತು ಅಲ್ಲಿರುತ್ತದೆ. ಓಟಿನ ಲೆಕ್ಕ ಇಲ್ಲದಿದ್ದರೂ ಮಾತಿನ ಲೆಕ್ಕ ಇದೆ. ಮಾತಾಡದೇ ಇದ್ದರೆ ಅದೂ ಒಂದು ಮಾಹಿತಿ. ಎರಡನೆಯದು, ಶಾಸಕರಿಗೆ ಒಂದು ಕಾಗದ ಬರೆಯಿರಿ. ಆವತ್ತು ನೀವು ಸದನದಲ್ಲಿ ಇದ್ದಿರಾ, ಇದ್ದರೆ ಏನಂದಿರಿ, ಇಷ್ಟೇ ಕೇಳಿ. ಉತ್ತರ ಬಾಯಲ್ಲಿ ಬೇಡ, ಲೆಟರ್‌ಹೆಡ್‌ನಲ್ಲಿ ಬರಲಿ ಅಂತಲೂ ಬರೆಯಿರಿ. ಶಾಸಕರು ದಿನಾ ಎಷ್ಟೊಂದು ಜನರಿಗೆ ಶಿಫಾರಸು ಪತ್ರ ಕೊಡುತ್ತಾರೆ, ಇದೊಂದು ಕೊಡಲಿ.

"ಕಾಗದ ಹಾಕ್ತೀನಿ ಸಾರ್" ಅಂದರು ಅವರು. "ಸೊಪ್ಪು ಮುರಿಯೋ ಕೆಲಸ ಮುಗೀಲಿ."